ಆಟಕ್ಕೆ ಮೀಸಲಾದ ಹೊತ್ತು



ಕಳೆದ ನವರಾತ್ರಿಗೆ ಮುಂಚೆ ಬೊಂಬೆಗಳನ್ನು ಇಳಿಸುವ ಸಲುವಾಗಿ ನಮ್ಮ ಮನೆಯ ಅಟ್ಟವನ್ನು ಶೋಧಿಸುತ್ತಿದ್ದಾಗ, ಹಳೆಯ ಪೆಟ್ಟಿಗೆಯೊಂದರ ತಳದಲ್ಲಿ ಮಡಿಸಿಟ್ಟಿದ್ದ ಪಗಡೆಯ ಹಾಸೊಂದು ದೊರೆಯಿತು. ಕೆಂಪು ಬಟ್ಟೆಯ ಮೇಲೆ ಹಳದಿಯ ದಾರದಿಂದ ಮನೆಗಳನ್ನು ಹೊಲಿದಿದ್ದರು. ಜೊತೆಯಲ್ಲಿದ್ದ ಚೀಲದಲ್ಲಿ ಮರದ ಕಾಯಿಗಳೂ ಎರಡು ಹಿತ್ತಾಳೆಯ ದಾಳಗಳೂ ಇದ್ದುವು. ನಮ್ಮ ಮೊಮ್ಮಗನು ದಾಳಗಳನ್ನು ಕೈಯಲ್ಲಿ ಉಜ್ಜುತ್ತ, "ಇದನ್ನು ಯಾರು ಆಡುತ್ತಿದ್ದರು, ತಾತ?" ಎಂದು ಕೇಳಿದನು. ನಮ್ಮ ಅಜ್ಜನವರು ಆಡುತ್ತಿದ್ದರೆಂದು ಹೇಳಿದೆವು. ಅವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಶನಿವಾರ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಹಾಸನ್ನು ಹಾಸಿ, ನೆರೆಹೊರೆಯ ಮೂವರೊಡನೆ ಕುಳಿತರೆ, ಹತ್ತು ಗಂಟೆಯವರೆಗೆ ಅವರನ್ನು ಯಾರೂ ಬೇರೆ ಕೆಲಸಕ್ಕೆ ಕರೆಯಕೂಡದೆಂಬುದು ಮನೆಯ ಕಟ್ಟಳೆಯಾಗಿದ್ದಿತು. ಹುಡುಗನು ಇದನ್ನು ಕೇಳಿ ಕ್ಷಣಕಾಲ ಯೋಚಿಸಿ, "ಅವರಿಗೆ ಕೆಲಸ ಇರಲಿಲ್ಲವೆ?" ಎಂದನು.

ನಮಗೆ ಆಗ ಉತ್ತರ ಹೊಳೆಯಲಿಲ್ಲ. ಆ ಹುಡುಗನು ತನ್ನ ತಂದೆ ಆಡಿದುದನ್ನು ಎಂದೂ ಕಂಡವನಲ್ಲ. ಅಷ್ಟೇ ಅಲ್ಲ, ಅವನ ತಂದೆಯೂ ನಾವು ಆಡಿದುದನ್ನು ಕಂಡವನಲ್ಲ. ನಮಗೆ ಉದ್ಯೋಗವಾದ ವರುಷ ಆ ಹಾಸನ್ನು ಅಟ್ಟಕ್ಕೆ ಏರಿಸಿದವರು ನಾವೇ. ಬಿಡುವಾದಾಗ ಇಳಿಸೋಣವೆಂದು ಅಂದುಕೊಂಡಿದ್ದೆವು. ಬಿಡುವು ಬಂದಿತು, ಕೂದಲೂ ನರೆಯಿತು; ಹಾಸು ಮಾತ್ರ ಇಳಿಯಲಿಲ್ಲ.

'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ನಮ್ಮಲ್ಲಿ ಒಂದು ಗಾದೆಯುಂಟು. ದೊಡ್ಡ ಮಕ್ಕಳ ಆಟದಲ್ಲಿ ತನಗೂ ಪಾಲು ಬೇಕೆಂದು ಹಟಮಾಡುವ ಎಳೆಯ ಮಗುವಿಗೆ ಒಪ್ಪುವ ಮಾತು ಅದು. ವಯಸ್ಸಾದ ನಾವಾದರೋ ಆಟವನ್ನೇ ಲೆಕ್ಕದಿಂದ ತೆಗೆದುಹಾಕಿರುವೆವು. ದಿನದ ಲೆಕ್ಕದಲ್ಲಿ ಕಚೇರಿಗೆ ಇಷ್ಟು, ಸಂಸಾರಕ್ಕೆ ಇಷ್ಟು, ನಿದ್ರೆಗೆ ಇಷ್ಟು ಎಂದು ಬರೆದು, ಮಿಕ್ಕರೆ ಆಟಕ್ಕೆ ಎನ್ನುತ್ತೇವೆ. ಮಿಕ್ಕುವುದೇ ಇಲ್ಲ. ಕನ್ನಡದಲ್ಲಿ ಮಿಕ್ಕದ್ದು ಬೇರೆ, ಮೀಸಲು ಬೇರೆ. ಹಬ್ಬದ ಅಡುಗೆಯಲ್ಲಿ ಯಾರ ಎಲೆಗೂ ಬಡಿಸುವ ಮೊದಲು ದೇವರಿಗೆಂದು ತೆಗೆದಿರಿಸುವುದು ಮೀಸಲು. ಎಲ್ಲರೂ ಉಂಡೆದ್ದ ಬಳಿಕ ಪಾತ್ರೆಯ ತಳದಲ್ಲಿ ಉಳಿಯುವುದು ಮಿಕ್ಕದ್ದು. ನಮ್ಮ ಪೂರ್ವಿಕರು ಆಟಕ್ಕೆ ಕೊಟ್ಟಿದ್ದ ಕಾಲ ಈ ಎರಡರಲ್ಲಿ ಯಾವುದು ಎಂಬುದನ್ನು ಚರಿತ್ರೆಯ ಕೆಲವು ಆಧಾರಗಳಿಂದ ವಿಚಾರಿಸುವುದೇ ನಮ್ಮ ಈ ಭಾಷಣದ ಉದ್ದೇಶ.

ಮೊದಲು, ಆಟದ ಸುದ್ದಿಯೇ ಬಾರದೆಂದು ನಾವು ಭಾವಿಸುವ ಗ್ರಂಥವೊಂದನ್ನು ತೆರೆದು ನೋಡೋಣ. ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಹೆಸರಿನಿಂದ ಮಾತ್ರವೇ ವಿದ್ವಾಂಸರಿಗೆ ತಿಳಿದಿದ್ದಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದ ಓಲೆಯ ಪ್ರತಿಯನ್ನು ಅಲ್ಲಿನ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು ೧೯೦೫ರ ಹೊತ್ತಿಗೆ ಗುರುತಿಸಿ, ೧೯೦೯ರಲ್ಲಿ ಮೂಲವನ್ನು ಮೈಸೂರಿನಿಂದಲೇ ಪ್ರಕಟಿಸಿದರು. ಅವರ ಇಂಗ್ಲಿಷ್ ಅನುವಾದವು ೧೯೧೫ರಲ್ಲಿ ಪುಸ್ತಕರೂಪವಾಗಿ ಹೊರಬಂದಿತು. ಗೂಢಚಾರರು, ಸುಂಕ, ಕೋಟೆ, ದಂಡನೆ ಇವುಗಳನ್ನು ಕುರಿತು ಇಷ್ಟು ನಿಷ್ಠುರವಾಗಿ ಬರೆದ ಗ್ರಂಥ ನಮ್ಮಲ್ಲಿ ಮತ್ತೊಂದಿಲ್ಲ.

ಆ ಗ್ರಂಥದ ಮೊದಲನೆಯ ಅಧಿಕರಣದಲ್ಲಿ ರಾಜನ ದಿನಚರಿ ಹೇಳಿದೆ. ಹಗಲನ್ನು ಎಂಟು ಭಾಗವಾಗಿಯೂ ರಾತ್ರಿಯನ್ನು ಎಂಟು ಭಾಗವಾಗಿಯೂ ನಾಲಿಕೆಗಳಿಂದಲೋ ನೆರಳಿನ ಅಳತೆಯಿಂದಲೋ ವಿಂಗಡಿಸಬೇಕೆಂಬುದು ಅಲ್ಲಿನ ವಿಧಿ. ಈಗಿನ ಲೆಕ್ಕದಲ್ಲಿ ಒಂದೊಂದು ಭಾಗವೂ ಸುಮಾರು ಒಂದೂವರೆ ಗಂಟೆಯಾಗುತ್ತದೆ. ಹಗಲಿನ ಮೊದಲನೆಯ ಭಾಗದಲ್ಲಿ ರಕ್ಷಣೆಯ ಸಂಗತಿಗಳನ್ನೂ ಆಯವ್ಯಯಗಳನ್ನೂ ಕೇಳಬೇಕು. ಎರಡನೆಯದರಲ್ಲಿ ಪೌರಜಾನಪದರ ಅಹವಾಲು. ಮೂರನೆಯದರಲ್ಲಿ ಸ್ನಾನ, ಭೋಜನ, ಅಧ್ಯಯನ. ನಾಲ್ಕನೆಯದರಲ್ಲಿ ಹೊನ್ನಿನ ಸ್ವೀಕಾರವೂ ಅಧ್ಯಕ್ಷರ ನೇಮಕವೂ. ಐದನೆಯದರಲ್ಲಿ ಮಂತ್ರಿಪರಿಷತ್ತಿನೊಡನೆ ಪತ್ರವ್ಯವಹಾರ. ಅನಂತರ ಬರುವುದು ಆರನೆಯ ಭಾಗ. ಅದರಲ್ಲಿ ರಾಜನು ಸ್ವೈರವಿಹಾರವನ್ನಾಗಲಿ ಮಂತ್ರಾಲೋಚನೆಯನ್ನಾಗಲಿ ಮಾಡಬಹುದು. ಏಳು, ಎಂಟನೆಯ ಭಾಗಗಳು ಸೈನ್ಯಕ್ಕೆ ಸೇರಿದುವು. ಇನ್ನು ರಾತ್ರಿಯಲ್ಲಿ ನಿದ್ರೆಗೆ ಕೊಟ್ಟಿರುವುದು ಎರಡೇ ಭಾಗ, ಎಂದರೆ ಮೂರು ಗಂಟೆ.

ನಿದ್ರೆಗೆ ಮೂರೇ ಗಂಟೆಯನ್ನು ಅಳೆದುಕೊಟ್ಟ ಈ ಜಿಪುಣನು ಮನಬಂದಂತೆ ವಿಹರಿಸುವುದಕ್ಕೆ ಒಂದೂವರೆ ಗಂಟೆಯನ್ನು ಏತಕ್ಕೆ ಕೊಟ್ಟನು? ಅದೂ ದಿನದ ಕೊನೆಯಲ್ಲಿ ದಣಿದ ಮೇಲೆ ಅಲ್ಲ, ಹಗಲಿನ ನಡುವೆ, ಲೆಕ್ಕಪತ್ರಗಳಿಗೂ ಸೇನೆಗೂ ಮಧ್ಯದಲ್ಲಿ. 'ಅಥವಾ ಮಂತ್ರಾಲೋಚನೆ' ಎಂಬ ಮಾತು ಅಲ್ಲಿ ಇರುವುದು ನಿಜ. ರಾಜ್ಯಕ್ಕೆ ತುರ್ತು ಒದಗಿದ ದಿನ ವಿಹಾರವು ಬಿಟ್ಟುಹೋಗಬಹುದು. ಆದರೆ ತುರ್ತಿಲ್ಲದ ದಿನ ಅದರ ಸ್ಥಳವನ್ನು ಮತ್ತಾವ ಕೆಲಸವೂ ಆಕ್ರಮಿಸಕೂಡದು. ಲೆಕ್ಕಕ್ಕಿಲ್ಲವೆಂದು ನಾವು ಹೇಳುವ ವಸ್ತುವನ್ನು ಕೌಟಿಲ್ಯನು ಲೆಕ್ಕದ ಪುಸ್ತಕದಲ್ಲಿಯೇ ಬರೆದನು.

ಹಾಗೆಂದು ಅವನು ಆಟದ ಅಪಾಯವನ್ನು ಅರಿಯದವನಲ್ಲ. ಅದೇ ಗ್ರಂಥದ ಎಂಟನೆಯ ಅಧಿಕರಣದಲ್ಲಿ, ಕಾಮದಿಂದ ಹುಟ್ಟುವ ವ್ಯಸನಗಳಲ್ಲಿ ಬೇಟೆಯನ್ನೂ ಜೂಜನ್ನೂ ಸೇರಿಸಿದ್ದಾನೆ. ಧರ್ಮರಾಯನು ದ್ಯೂತದಲ್ಲಿ ರಾಜ್ಯವನ್ನು ಸೋತ ಕಥೆಯನ್ನು ಕೇಳುತ್ತ ಬೆಳೆದ ನಾಡಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾಳ ಒಂದೇ, ಹಾಸು ಒಂದೇ. ಆದರೂ ಒಬ್ಬನಿಗೆ ಅದು ವಿನೋದ, ಮತ್ತೊಬ್ಬನಿಗೆ ವ್ಯಸನ. 'ಹೊತ್ತುಗೊತ್ತು' ಎಂಬ ನಮ್ಮ ಮಾತಿನಿಂದ ಈ ಭೇದವು ಸ್ಪಷ್ಟವಾಗುವುದು. ಹೊತ್ತುಗೊತ್ತುಳ್ಳದ್ದು ವಿನೋದ, ಹೊತ್ತುಗೊತ್ತಿಲ್ಲದೆ ಉಳಿದ ಹೊತ್ತುಗಳನ್ನೆಲ್ಲ ನುಂಗುವುದು ವ್ಯಸನ. ಆದುದರಿಂದ ಆಟಕ್ಕೆ ಒಂದು ವೇಳೆಯನ್ನು ಗೊತ್ತುಮಾಡುವುದರಿಂದ ಎರಡು ಲಾಭಗಳುಂಟು. ಕೆಲಸವು ಆಟವನ್ನು ನುಂಗದು, ಆಟವೂ ಕೆಲಸವನ್ನು ನುಂಗದು.

ಕೌಟಿಲ್ಯನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದುದನ್ನು ವಿಸ್ತಾರವಾಗಿ ಬರೆದವನು ಕನ್ನಡ ನಾಡಿನ ಒಬ್ಬ ಚಕ್ರವರ್ತಿ. ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು ೧೧೨೬ರಿಂದ ೧೧೩೮ರವರೆಗೆ ಆಳಿದನು. ಐವತ್ತು ವರ್ಷ ಆಳಿದ ಆರನೆಯ ವಿಕ್ರಮಾದಿತ್ಯನ ಮಗನೀತ. ಇವನು ೧೧೨೯ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥಕ್ಕೆ ಮಾನಸೋಲ್ಲಾಸವೆಂದೂ ಅಭಿಲಷಿತಾರ್ಥಚಿಂತಾಮಣಿಯೆಂದೂ ಹೆಸರು. ಇದರ ಮೊದಲ ಭಾಗವನ್ನೂ ಶಾಮಶಾಸ್ತ್ರಿಗಳೇ ೧೯೨೬ರಲ್ಲಿ ಮೈಸೂರಿನಿಂದ ಸಂಪಾದಿಸಿ ಪ್ರಕಟಿಸಿದರು.

ಈ ಗ್ರಂಥದಲ್ಲಿ ಐದು ವಿಂಶತಿಗಳಿವೆ. ಒಂದೊಂದರಲ್ಲಿಯೂ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ಮೊದಲನೆಯದು ರಾಜ್ಯವನ್ನು ಪಡೆಯುವ ಬಗೆ, ಎರಡನೆಯದು ಪಡೆದುದನ್ನು ಸ್ಥಿರಪಡಿಸುವ ಬಗೆ, ಮೂರನೆಯದು ಉಪಭೋಗ, ನಾಲ್ಕನೆಯದು ವಿನೋದ, ಐದನೆಯದು ಕ್ರೀಡೆ. ನೂರರಲ್ಲಿ ನಲವತ್ತು ಅಧ್ಯಾಯಗಳು ವಿನೋದ ಕ್ರೀಡೆಗಳಿಗೆ ಸಂದಿವೆ. ಸಂಗೀತ, ನೃತ್ಯ, ಕಥೆ, ಮಲ್ಲಯುದ್ಧ, ಕುದುರೆಯೇರಿ ಚೆಂಡನ್ನು ಹೊಡೆಯುವ ಆಟ, ಗಾಳ ಹಾಕಿ ಮೀನು ಹಿಡಿಯುವುದು ಮೊದಲಾದುವು ವಿನೋದಗಳು. ಕ್ರೀಡೆಗಳಲ್ಲಿ ವನಕ್ರೀಡೆ, ಉಯ್ಯಾಲೆಯಾಡುವ ಆಂದೋಲನಕ್ರೀಡೆ, ಮರಳಿನಲ್ಲಿ ಆಡುವ ವಾಲುಕಾಕ್ರೀಡೆ, ಬೆಳುದಿಂಗಳಿನ ಜ್ಯೋತ್ಸ್ನಾಕ್ರೀಡೆ, ಒಗಟುಗಳ ಪ್ರಹೇಲಿಕಾಕ್ರೀಡೆ, ಚದುರಂಗ, ಪಗಡೆ, ಕವಡೆಯಾಟ ಇವೆಲ್ಲ ಬರುತ್ತವೆ. ಮರಳಿನಲ್ಲಿಯೂ ಬೆಳುದಿಂಗಳಿನಲ್ಲಿಯೂ ಆಡುವುದನ್ನು ಒಬ್ಬ ಚಕ್ರವರ್ತಿಯು ಶಾಸ್ತ್ರವಾಗಿ ಬರೆದನೆಂದರೆ, ಅದು ಮಕ್ಕಳಿಗೆ ಮಾತ್ರ ಸೇರಿದ್ದೆಂದು ಆ ಕಾಲದವರು ಭಾವಿಸಿರಲಿಲ್ಲವೆಂಬುದು ಸ್ಪಷ್ಟ.

ವಿಷಯಗಳ ಅನುಕ್ರಮವನ್ನು ನೋಡಿ ಕೆಲವರು, ರಾಜ್ಯವು ಸ್ಥಿರವಾದ ಮೇಲೆ ತಾನೆ ವಿನೋದ ಎಂದು ಆಕ್ಷೇಪಿಸಬಹುದು. ಸೋಮೇಶ್ವರನ ರಾಜ್ಯವಾದರೋ ಎಂದೂ ಪೂರ್ಣವಾಗಿ ಸ್ಥಿರವಾಗಿರಲಿಲ್ಲ. ಅವನ ಕಾಲದಲ್ಲಿಯೇ ಹೊಯ್ಸಳ ವಿಷ್ಣುವರ್ಧನನು ತಲೆಯೆತ್ತುತ್ತಿದ್ದನು. ಅವನು ತೀರಿದ ಇಪ್ಪತ್ತೈದು ವರ್ಷಗಳೊಳಗಾಗಿ ಕಲ್ಯಾಣವು ಕಳಚುರಿ ಬಿಜ್ಜಳನ ವಶವಾಯಿತು. ಆಟದಿಂದಲೇ ರಾಜ್ಯ ಕೆಟ್ಟಿತೆಂದು ಹೇಳುವವರಿಗೆ ನಾವು ಹೇಳುವುದಿಷ್ಟು. ಸಾಮಂತರು ಬಲಿಯುತ್ತ ಬಂದುದು ಯುದ್ಧಪ್ರಿಯನಾದ ತಂದೆಯ ಕಾಲದಿಂದಲೇ. ಇಂದು ಕಲ್ಯಾಣದ ಸೇನೆಯಿಲ್ಲ, ಸಿಂಹಾಸನವಿಲ್ಲ. ಆ ಕಾಲದ ಜನರು ಏನನ್ನು ಉಂಡರು, ಏನನ್ನು ಉಟ್ಟರು, ಹೇಗೆ ನಕ್ಕರು ಎಂಬುದು ನಮಗೆ ತಿಳಿಯುವುದು ಮಾತ್ರ ಆ ನೂರು ಅಧ್ಯಾಯಗಳಿಂದ.

ಇದೆಲ್ಲ ಅರಸರ ಮಾತಾಯಿತು, ದುಡಿದು ಉಣ್ಣುವವರಿಗೆ ಎಲ್ಲಿಯ ಆಟ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಇದಕ್ಕೆ ಉತ್ತರವನ್ನು ಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ, ಕಲ್ಲುಗಳಲ್ಲಿ ನೋಡಬಹುದು. ಹಂಪೆಯ ಮಂಟಪಗಳಲ್ಲಿ ತಲೆಯೆತ್ತಿ ಕಂಬಗಳನ್ನು ನೋಡುವ ಯಾತ್ರಿಕರು ಒಮ್ಮೆ ತಲೆತಗ್ಗಿಸಿ ನೆಲಗಲ್ಲುಗಳನ್ನೂ ನೋಡಬೇಕು. ಅಲ್ಲಲ್ಲಿ ಆಟದ ಮನೆಗಳನ್ನು ಕೊರೆದಿರುವುದು ಕಾಣುತ್ತದೆ. ನಮ್ಮ ಎಷ್ಟೋ ದೇವಾಲಯಗಳ ಜಗಲಿಗಳ ಮೇಲೆಯೂ ಇಂಥವು ಉಂಟು. ಇವು ಶಿಲ್ಪಿಯ ಅಲಂಕಾರಗಳಲ್ಲ. ಗೆರೆಗಳು ಸೊಟ್ಟ, ಕುಳಿಗಳು ಒರಟು. ಯಾರೋ ಕಾವಲಿನವರು, ಹೊರೆಯಾಳುಗಳು, ಸಂತೆಗೆ ಬಂದವರು ಬಿಸಿಲು ಇಳಿಯುವವರೆಗೆ ಕುಳಿತು ಆಡುವುದಕ್ಕೆ ಮಾಡಿಕೊಂಡವಾಗಿರಬೇಕು. ಕಲ್ಲಿನಲ್ಲಿ ಮಣೆಯನ್ನು ಕೊರೆಯುವವನು ಒಂದು ದಿನ ಆಡಿ ಬಿಡುವವನಲ್ಲ. ನಾಳೆಯೂ ಇಲ್ಲಿಗೆ ಬರುವೆನೆಂಬ ನಿಶ್ಚಯವಿದ್ದವನು ಮಾತ್ರ ಅಂತಹ ಶ್ರಮಪಡುವನು.

ಇನ್ನು ಹಳ್ಳಿಗಳಲ್ಲಿ ಗಡಿಯಾರವಿಲ್ಲದಿದ್ದರೂ ಪಂಚಾಂಗವಿದ್ದಿತು, ಮಳೆ ಬಿಸಿಲುಗಳಿದ್ದುವು. ಅವೇ ಆಟದ ವೇಳೆಯನ್ನು ಗೊತ್ತುಮಾಡುತ್ತಿದ್ದುವು. ತುಳುನಾಡಿನಲ್ಲಿ ಜುಲೈ ಆಗಸ್ಟಿನ ಆಟಿ ತಿಂಗಳು ಬಿಡದೆ ಮಳೆ ಸುರಿಯುವ ಕಾಲ, ಹೊಲಗೆಲಸವು ನಿಲ್ಲುವ ಕಾಲ. ಚೆನ್ನೆಮಣೆಯನ್ನು ಹೊರತೆಗೆಯುವುದು ಆಗಲೇ. ಸಾಲಿಗೆ ಏಳರಂತೆ ಹದಿನಾಲ್ಕು ಕುಳಿಗಳುಳ್ಳ ಆ ಮಣೆಯ ಮುಂದೆ ಅತ್ತೆ ಸೊಸೆಯರು ಎದುರುಬದುರಾಗಿ ಕುಳಿತು ಬೀಜಗಳನ್ನು ಹಂಚುವರು. ಹಳೆಯ ಮೈಸೂರಿನ ಸೀಮೆಯಲ್ಲಿ ಇದೇ ಜಾತಿಯ ಮಣೆಗೆ ಅಳಗುಳಿಮಣೆಯೆಂದು ಹೆಸರು; ಇಲ್ಲಿ ಹುಣಿಸೆಬೀಜ ಅಥವಾ ಕವಡೆ ಸಾಕು. ಆಷಾಢದ ಗಾಳಿಗೆ ಗಾಳಿಪಟ. ದೀಪಾವಳಿಗೆ ಪಗಡೆ. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿ ಬಂದರೆ, ಮದುವೆಯಾಗಿ ಮಕ್ಕಳ ತಾಯಂದಿರಾದ ಹೆಣ್ಣುಮಕ್ಕಳು ತವರಿಗೆ ಬಂದು, ಮರಕ್ಕೆ ಕಟ್ಟಿದ ಜೋಕಾಲಿಯನ್ನು ಮುಗಿಲಿಗೆ ಜೀಕುವರು. ಸೋಮೇಶ್ವರನ ಆಂದೋಲನಕ್ರೀಡೆಯೂ ಈ ಜೋಕಾಲಿಯೂ ಒಂದೇ ಅಲ್ಲವೆ? ವರ್ಷವೆಲ್ಲ ರೊಟ್ಟಿ ತಟ್ಟಿ, ನೀರು ಹೊತ್ತು, ತೊಟ್ಟಿಲು ತೂಗಿದ ಕೈಗಳಿಗೆ ಆ ದಿನ ಹಗ್ಗವನ್ನು ಹಿಡಿಯುವ ಹಕ್ಕಿದ್ದಿತು. ಹಬ್ಬದ ಹೆಸರಿನಲ್ಲಿ ಮೀಸಲಿಟ್ಟ ಹೊತ್ತಾದುದರಿಂದ ಅದನ್ನು ಅತ್ತೆಯ ಮನೆಯವರೂ ಕಿತ್ತುಕೊಳ್ಳುವಂತಿರಲಿಲ್ಲ.

ಈಗ ಮೈಸೂರಿನ ಅರಮನೆಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರವರು ಹುಟ್ಟಿದ್ದು ೧೭೯೪ರಲ್ಲಿ. ಶ್ರೀರಂಗಪಟ್ಟಣವು ಬಿದ್ದ ೧೭೯೯ರಲ್ಲಿ, ಐದು ವರ್ಷದ ಬಾಲಕರಾಗಿದ್ದ ಅವರಿಗೆ ಪಟ್ಟವಾಯಿತು. ದಿವಾನ್ ಪೂರ್ಣಯ್ಯನವರು ೧೮೧೧ರವರೆಗೆ ಆಡಳಿತವನ್ನು ನಡೆಸಿ ನಿವೃತ್ತರಾದರು. ೧೮೩೦ರಲ್ಲಿ ನಗರದ ಸೀಮೆಯ ರೈತರು ದಂಗೆಯೆದ್ದರು. ಮರುವರ್ಷ, ೧೮೩೧ರಲ್ಲಿ, ಗವರ್ನರ್ ಜನರಲ್ ಬೆಂಟಿಂಕನು ರಾಜ್ಯದ ಆಡಳಿತವನ್ನು ಮಹಾರಾಜರ ಕೈಯಿಂದ ತೆಗೆದುಕೊಂಡನು. ಆಗ ಮಹಾರಾಜರಿಗೆ ಮೂವತ್ತೇಳು ವರ್ಷ ವಯಸ್ಸು. ೧೮೬೮ರ ಮಾರ್ಚಿಯಲ್ಲಿ ದೈವಾಧೀನರಾಗುವವರೆಗೆ, ಎಂದರೆ ಮೂವತ್ತಾರು ವರ್ಷಗಳಿಗೂ ಮಿಕ್ಕ ಕಾಲ, ಅವರು ಹೆಸರಿಗೆ ಮಾತ್ರ ಅರಸರಾಗಿದ್ದರು. ರಾಜ್ಯವನ್ನು ಆಳುತ್ತಿದ್ದವರು ಬೆಂಗಳೂರಿನಲ್ಲಿದ್ದ ಕಮಿಷನರು.

ಈ ದೀರ್ಘಕಾಲದಲ್ಲಿ ಅವರ ಆಶ್ರಯದಿಂದ ಹೊರಬಂದ ಮಹಾಗ್ರಂಥವೇ ಶ್ರೀತತ್ತ್ವನಿಧಿ. ಅದರಲ್ಲಿ ಒಂಬತ್ತು ನಿಧಿಗಳಿವೆ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ ಎಂಬ ಎಂಟು ನಿಧಿಗಳಲ್ಲಿ ದೇವತೆಗಳ ಧ್ಯಾನವೂ ಶಾಸ್ತ್ರವೂ ತುಂಬಿವೆ. ಒಂಬತ್ತನೆಯದು ಕೌತುಕನಿಧಿ, ಅದರ ವಿಷಯ ಆಟಗಳು. ದೇವತೆಗಳ ಎಂಟು ಭಂಡಾರಗಳ ಪಂಕ್ತಿಯಲ್ಲಿಯೇ ಆಟಕ್ಕೂ ಒಂದು ಭಂಡಾರವನ್ನು ಕೊಟ್ಟಿರುವುದನ್ನು ನಾವು ಗಮನಿಸಬೇಕು.

ಆ ಆಟಗಳಲ್ಲಿ ಗಂಜೀಫವು ಒಂದು. ಇದು ಪರ್ಷಿಯದ ಕಡೆಯಿಂದ ಬಂದ ಎಲೆಯಾಟ. ಬಾಬರನು ೧೫೨೭ರಲ್ಲಿ ಸಿಂಧಿನ ಅರಸನಿಗೆ ಗಂಜೀಫದ ಎಲೆಗಳನ್ನು ಕಳುಹಿಸಿದನೆಂದು ಅವನ ಆತ್ಮಕಥೆಯಲ್ಲಿದೆ. ಮೊಗಲರ ಕಟ್ಟಿನಲ್ಲಿ ಎಂಟು ಬಣ್ಣ, ಬಣ್ಣಕ್ಕೆ ಹನ್ನೆರಡರಂತೆ ೯೬ ಎಲೆಗಳು. ಹಿಂದೂ ಚಿತ್ರಕಾರರು ಹತ್ತು ಅವತಾರಗಳನ್ನು ಹತ್ತು ಬಣ್ಣಗಳಾಗಿ ಮಾಡಿ ೧೨೦ ಎಲೆಗಳ ದಶಾವತಾರ ಗಂಜೀಫವನ್ನು ಏರ್ಪಡಿಸಿದರು. ಮುಮ್ಮಡಿಯವರ ಕಾಲದಲ್ಲಿ ಮೈಸೂರಿನಲ್ಲಿ ಹುಟ್ಟಿದ ಹೊಸ ಬಗೆಗಳಲ್ಲಿ ಕೆಲವಕ್ಕೆ ೩೦೦ಕ್ಕೂ ಮೇಲ್ಪಟ್ಟು ಎಲೆಗಳಿದ್ದುವು. ಅಂಗೈಯಲ್ಲಿ ಅಡಗುವ ದುಂಡನೆಯ ಒಂದೊಂದು ಎಲೆಯ ಮೇಲೂ ದೇವತೆಯ ಸೂಕ್ಷ್ಮಚಿತ್ರ. ಇಷ್ಟು ಎಲೆಗಳ ಅಂತಸ್ತನ್ನು ನೆನಪಿನಲ್ಲಿಟ್ಟುಕೊಂಡು ಆಡುವುದು ಸೋಮಾರಿಗಳ ಕಾಲಕ್ಷೇಪವಲ್ಲ.

ಚದುರಂಗದಲ್ಲಿ ಮಹಾರಾಜರಿಗೆ ಇದಕ್ಕಿಂತಲೂ ಹೆಚ್ಚಿನ ಆಸಕ್ತಿ. ಕುದುರೆಯ ನಡೆಯಿಂದ ಅರವತ್ತನಾಲ್ಕು ಮನೆಗಳನ್ನೂ, ಯಾವ ಮನೆಯನ್ನೂ ಎರಡು ಸಲ ಮೆಟ್ಟದೆ, ಸುತ್ತಿ ಬರಬೇಕೆಂಬ ಸಮಸ್ಯೆಯೊಂದುಂಟು. ಕಾಶ್ಮೀರದ ಆಲಂಕಾರಿಕ ರುದ್ರಟನು ಒಂಬತ್ತನೆಯ ಶತಮಾನದಲ್ಲಿಯೇ ಅರ್ಧ ಹಾಸಿನ ಮೂವತ್ತೆರಡು ಮನೆಗಳಲ್ಲಿ ಕುದುರೆಯ ನಡೆಯಂತೆ ಓದಬಹುದಾದ ಶ್ಲೋಕವನ್ನು ತೋರಿಸಿದ್ದನು. ಯೂರೋಪಿನಲ್ಲಿ ಗಣಿತಜ್ಞ ಆಯ್ಲರನು ೧೭೫೯ರಲ್ಲಿ ಇದನ್ನು ಗಣಿತದ ಪ್ರಶ್ನೆಯಾಗಿ ವಿಚಾರಿಸಿದನು. ಮೈಸೂರಿನ ಮಹಾರಾಜರು ಇಂತಹ ಕುದುರೆಯ ಸಂಚಾರಗಳನ್ನು ತಾವಾಗಿ ಹೊಂದಿಸಿ, ಮಣೆಗಳನ್ನು ಬಟ್ಟೆಯ ಮೇಲೆ ಮುದ್ರಿಸಿದರು. ಚದುರಂಗದ ಚರಿತ್ರೆಯನ್ನು ಬರೆದ ಪಾಶ್ಚಾತ್ಯ ವಿದ್ವಾಂಸರೂ ಇವನ್ನು ಲೆಕ್ಕಕ್ಕೆ ತಂದುಕೊಂಡಿರುವರು. ೧೮೬೧ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಮೇಲಂತಸ್ತಿನ ಗೋಡೆಗಳ ಮೇಲೆ ಈ ಆಟಗಳ ಮನೆಗಳನ್ನು ಬಣ್ಣಗಳಲ್ಲಿ ಬರೆದಿದೆ.

ರಾಜ್ಯವನ್ನು ಕಳೆದುಕೊಂಡವರಿಗೆ ಬೇರೆ ಕೆಲಸವೇನಿತ್ತು, ಕಾಲವನ್ನು ಕೊಲ್ಲುವುದಕ್ಕೆ ಆಡಿದರು ಎಂದು ಹೇಳುವವರುಂಟು. ಈ ಮಾತನ್ನು ನಾವು ನಿಧಾನವಾಗಿ ತೂಗಬೇಕು. ೧೮೩೧ಕ್ಕೆ ಮುಂಚೆ ಅವರ ಖರ್ಚುಗಳ ಮೇಲೆ ಬಂದ ಆಕ್ಷೇಪಣೆಗಳೆಲ್ಲವೂ ನಿರಾಧಾರವೆಂದು ನಾವು ವಾದಿಸುವುದಿಲ್ಲ. ಅಧಿಕಾರವು ಹೋದ ದುಃಖವನ್ನು ಆಟವು ಮರೆಸುತ್ತಿದ್ದಿತೆಂಬುದನ್ನೂ ಅಲ್ಲಗಳೆಯುವುದಿಲ್ಲ. ಅರವತ್ತನಾಲ್ಕು ಮನೆಗಳ ಆ ರಾಜ್ಯಕ್ಕೆ ಕಮಿಷನರು ಇರಲಿಲ್ಲ. ಆದರೆ ಅವರು ಕೆಲಸವಿಲ್ಲದವರಾಗಿದ್ದರೆಂಬುದು ಮಾತ್ರ ಸುಳ್ಳು. ೧೮೩೩ರಲ್ಲಿ ಮೈಸೂರಿನಲ್ಲಿ ಅವರು ಸ್ಥಾಪಿಸಿದ ಉಚಿತ ಇಂಗ್ಲಿಷ್ ಪಾಠಶಾಲೆಯೇ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು. ಕವಿಗಳೂ ಚಿತ್ರಕಾರರೂ 'ಶ್ರೀತತ್ತ್ವನಿಧಿ'ಯ ಲಿಪಿಕಾರರೂ ಅವರ ಆಸ್ಥಾನದಲ್ಲಿ ದುಡಿದರು. ಇದೆಲ್ಲಕ್ಕಿಂತ ಮಿಗಿಲಾಗಿ, ರಾಜ್ಯವನ್ನು ಹಿಂದಕ್ಕೆ ಕೊಡಬೇಕೆಂದು ಅವರು ಮತ್ತೆ ಮತ್ತೆ ಅರ್ಜಿಗಳನ್ನು ಬರೆದರು. ತಿರಸ್ಕೃತವಾದಾಗಲೆಲ್ಲ ಪುನಃ ಬರೆದರು. ೧೮೬೫ರಲ್ಲಿ ದತ್ತುಸ್ವೀಕಾರ ಮಾಡಿ, ಆ ಹಕ್ಕಿಗಾಗಿ ಹೋರಾಡಿ, ೧೮೬೭ರಲ್ಲಿ ಅದಕ್ಕೆ ಮಾನ್ಯತೆ ಪಡೆದರು. ೧೮೮೧ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಹಿಂದಿರುಗಿದುದು ಆ ದತ್ತುಪುತ್ರರ ಹೆಸರಿನಲ್ಲಿ.

ಅರ್ಜಿಯ ಮೇಜೂ ಚದುರಂಗದ ಹಾಸೂ ಒಂದೇ ಅರಮನೆಯಲ್ಲಿದ್ದುವು. ಆಟವು ಅರ್ಜಿಯನ್ನು ಮರೆಸಲಿಲ್ಲ. ಅರ್ಜಿಯ ಸಂಕಟವು ಆಟವನ್ನು ಅಟ್ಟಕ್ಕೇರಿಸಲಿಲ್ಲ. ಮೂವತ್ತಾರು ವರ್ಷ ಉತ್ತರಕ್ಕಾಗಿ ಕಾಯುವ ಮನಸ್ಸಿಗೆ ಕುದುರೆಯ ಸಂಚಾರಗಳಿಂದ ಎಷ್ಟು ತಾಳ್ಮೆ ದೊರೆತಿದ್ದೀತೆಂಬುದನ್ನು ಶ್ರೋತೃಗಳೇ ಊಹಿಸಬಹುದು. ಕಾಲವನ್ನು ಕೊಲ್ಲುವವನು ತನ್ನ ಆಟವನ್ನು ಪುಸ್ತಕದಲ್ಲಿ ಬರೆಯನು, ಬಟ್ಟೆಯಲ್ಲಿ ಅಚ್ಚುಹಾಕನು, ಬರುವ ತಲೆಮಾರಿನವರು ನೋಡಲೆಂದು ಗೋಡೆಯ ಮೇಲೆ ಚಿತ್ರಿಸನು.

ಇಂತಹ ಪರಂಪರೆಯುಳ್ಳ ನಾವು ಆಟದ ಹೊತ್ತನ್ನು ಕಳೆದುಕೊಂಡದ್ದೆಲ್ಲಿ? ಹೊಲದ ಕೆಲಸಕ್ಕೆ ಮಳೆಯೇ ವಿರಾಮವನ್ನು ಹೇಳುತ್ತಿದ್ದಿತು. ಕಚೇರಿಯ ಕೆಲಸವನ್ನು ಮಳೆ ನಿಲ್ಲಿಸದು, ಬೆಳುದಿಂಗಳೂ ನಿಲ್ಲಿಸದು. ಗಡಿಯಾರದ ಉದ್ಯೋಗಕ್ಕೆ ಸೇರಿದ ನಾವು ಪಂಚಾಂಗವು ನಮಗಾಗಿ ಕಾದಿಟ್ಟಿದ್ದ ಮೀಸಲನ್ನು ಬಿಟ್ಟುಬಂದೆವು. ಅದರ ಬದಲು ಬೇರೊಂದು ಮೀಸಲನ್ನು ಮಾಡಿಕೊಳ್ಳಲಿಲ್ಲ. ಇತ್ತೀಚೆಗೆ ಕಚೇರಿಯು ಜೇಬಿನ ದೂರವಾಣಿಯಲ್ಲಿ ಕುಳಿತು ಊಟದ ಎಲೆಯವರೆಗೂ ಬರುವುದರಿಂದ, ಈ ನಷ್ಟವು ನಮ್ಮ ಕಾಲಕ್ಕಿಂತ ನಮ್ಮ ಮಕ್ಕಳ ಕಾಲದಲ್ಲಿ ಹೆಚ್ಚಾಗಿದೆ.

ಆದರೂ ಗಡಿಯಾರದ ಉದ್ಯೋಗದಲ್ಲಿದ್ದುಕೊಂಡೇ ಹೊತ್ತನ್ನು ಕಾದಿಟ್ಟವರು ಇಲ್ಲದಿಲ್ಲ. ಒಂದು ನಿದರ್ಶನವು ಈ ಭಾಷಣಮಾಲೆಗೆ ಬಹಳ ಹತ್ತಿರದ್ದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರಿಗೆ ರೇಡಿಯೋ ಯಂತ್ರಗಳ ಮೇಲೆ ವಿಶೇಷ ಒಲವು. ಪಾಠಪ್ರವಚನಗಳು, ಪ್ರಯೋಗಶಾಲೆ, ಪರೀಕ್ಷೆಗಳು ಇವೆಲ್ಲ ಇದ್ದಂತೆಯೇ ಅವರು ೧೯೩೫ರ ಸೆಪ್ಟೆಂಬರಿನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ೩೦ ವ್ಯಾಟಿನ ಪ್ರೇಷಕಯಂತ್ರವೊಂದನ್ನು ಹೂಡಿ ಪ್ರಸಾರವನ್ನು ಆರಂಭಿಸಿದರು. ಒಂದು ಸಣ್ಣ ವಿದ್ಯುದ್ದೀಪಕ್ಕೆ ಸಾಕಾಗುವಷ್ಟೇ ಶಕ್ತಿ. ಸುಮಾರು ಆರು ವರ್ಷ ಆ ನಿಲಯವು ಅವರ ಪೋಷಣೆಯಲ್ಲಿಯೇ ನಡೆದು, ೧೯೪೨ರಲ್ಲಿ ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿತು. ೧೯೫೦ರಲ್ಲಿ ಭಾರತ ಸರ್ಕಾರದ ಪ್ರಸಾರ ಇಲಾಖೆಗೆ ವಹಿಸಲ್ಪಟ್ಟಿತು. ಆ ಮನೆಯಲ್ಲಿ ಅದಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರೇ ಇಂದು ಇಡೀ ಭಾರತದ ಪ್ರಸಾರಕ್ಕೆ ಹೆಸರಾಗಿದೆ. ಪ್ರಾಧ್ಯಾಪಕರು ನಿವೃತ್ತಿಯವರೆಗೆ ಕಾದಿದ್ದರೆ ಇದು ಆಗುತ್ತಿರಲಿಲ್ಲ.

ಇಷ್ಟರಿಂದ, ಆಟವೆಲ್ಲ ದೊಡ್ಡ ಫಲವನ್ನೇ ಕೊಡಬೇಕೆಂದು ಶ್ರೋತೃಗಳು ತಿಳಿಯಬಾರದು. ಫಲಕ್ಕಾಗಿ ಆಡುವುದಾದರೆ ಅದೂ ಕಚೇರಿಯ ಮತ್ತೊಂದು ಕೊಠಡಿಯಾದೀತು. ಹಂಪೆಯ ಕಲ್ಲಿನ ಮೇಲೆ ಆಡಿದವನಿಂದ ಗ್ರಂಥವೂ ಹುಟ್ಟಲಿಲ್ಲ, ನಿಲಯವೂ ಹುಟ್ಟಲಿಲ್ಲ. ಬಿಸಿಲು ಇಳಿದ ಮೇಲೆ ಅವನು ಎದ್ದು ಹೊರೆಯನ್ನು ಹೊತ್ತು ಹೋದನು. ಸ್ವಲ್ಪ ಹಗುರವಾಗಿ ಹೋಗಿದ್ದಾನು, ಅಷ್ಟೆ. ಅದು ಸಣ್ಣ ಲಾಭವೇನೂ ಅಲ್ಲ.

ಚರಿತ್ರೆಯಿಂದ ನಾವು ಕಲಿಯಬೇಕಾದದ್ದು ಇದು. ಆಟಕ್ಕೆ ಹೊತ್ತು ಎಂದಿಗೂ ತಾನಾಗಿ ಸಿಕ್ಕಿದುದಿಲ್ಲ. ಅರಸನಿಗೂ ಸಿಗಲಿಲ್ಲ, ಆಳಿಗೂ ಸಿಗಲಿಲ್ಲ. ಅದನ್ನು ಯಾರಾದರೂ ಮೊದಲೇ ತೆಗೆದಿರಿಸಬೇಕಾಗುತ್ತದೆ. ಹಿಂದೆ ಶಾಸ್ತ್ರವು ತೆಗೆದಿರಿಸುತ್ತಿದ್ದಿತು, ಹಬ್ಬವು ತೆಗೆದಿರಿಸುತ್ತಿದ್ದಿತು. ಇನ್ನು ಮೇಲೆ ನಾವೇ ತೆಗೆದಿರಿಸಬೇಕು. ವೀಣೆಯಾಗಲಿ, ಗಾಳಿಪಟವಾಗಲಿ, ಚದುರಂಗವಾಗಲಿ, ಹೂವಿನ ಕುಂಡಗಳಾಗಲಿ, ಒಲಿದದ್ದು ಯಾವುದಾದರೂ ಸರಿ. ವಾರಕ್ಕೆ ಒಂದು ಹೊತ್ತಾದರೂ ಗೊತ್ತಾಗಿರಲಿ. ಆ ಹೊತ್ತು ಮನೆಯವರಿಗೆಲ್ಲ ತಿಳಿದಿರಲಿ.

ನಮ್ಮ ಮನೆಯಲ್ಲಿ ಆ ಹಾಸನ್ನು ಮತ್ತೆ ಅಟ್ಟಕ್ಕೇರಿಸಲಿಲ್ಲ. ಅಜ್ಜನವರ ಶನಿವಾರ ರಾತ್ರಿಯನ್ನೇ ಪುನಃ ಗೊತ್ತುಮಾಡಿದೆವು. ಮೊದಲ ವಾರ ನಮ್ಮ ಮಗನು ಕೆಲಸದಿಂದ ಬರುವ ಹೊತ್ತಿಗೆ ಆಟವು ಮುಗಿದಿದ್ದಿತು. ಎರಡನೆಯ ವಾರ ಅವನು ಬರಲೇ ಇಲ್ಲ. ಮೂರನೆಯ ವಾರ ಊಟಕ್ಕೆ ಮುಂಚೆಯೇ ಬಂದು ಕುಳಿತನು. ದಾಳವನ್ನು ಉರುಳಿಸುವ ಬಗೆಯನ್ನು ತನ್ನ ಮಗನಿಂದ ಹೇಳಿಸಿಕೊಂಡು, ನಾಲ್ಕು ಕಾಯಿಗಳನ್ನೂ ಸೋತು, ಮತ್ತೊಂದು ಆಟ ಆಗಲಿ ಎಂದನು. ಹತ್ತು ಗಂಟೆಯಾಗಿತ್ತು, ಕಟ್ಟಳೆಯಂತೆ ಹಾಸನ್ನು ಮಡಿಸಿದೆವು. ಮೊಮ್ಮಗನು ಈಗ ಮುತ್ತಜ್ಜನಿಗೆ ಕೆಲಸವಿರಲಿಲ್ಲವೆ ಎಂದು ಕೇಳುವುದಿಲ್ಲ. ಶನಿವಾರಕ್ಕೆ ಇನ್ನೆಷ್ಟು ದಿನ ಎಂದು ಕೇಳುತ್ತಾನೆ.